ಮರಳಿನ ಮೇಲೆ ಹದಿನೈದು ನಿಮಿಷ

ಕುಶನ್ ಮಾಮನ ಸೂಜಿ ತಾಗದ ಕಾರು ಆ ಊರಿನಲ್ಲಿ ಒಂದೇ ಒಂದಿತ್ತು. ಅದು ಕುಶನ್ ಮಾಮನ ಮನೆಯ ಗೇಟಿನೊಳಗೇ ನಿಂತಿತ್ತು.

ಇದರಲ್ಲಿ ಏನು ಮಹಾ ಅವಮಾನ ಎನ್ನುವವರಿಗೆ ಆ ಊರಿನ ರೂಢಿ ಗೊತ್ತಿಲ್ಲ. ಅಲ್ಲಿ ಯಾರು ಹೊಸ ಕಾರು ಕೊಂಡರೂ ಶೋರೂಮಿನಿಂದ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳದೆ ಮೊದಲು ಮಾಮನ ಅಂಗಡಿಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಮಾಮ ಹೊರಗೆ ಬಂದು, ಬಾಗಿಲು ತೆಗೆದು, ಹೆಬ್ಬೆರಳಿನಿಂದ ಸೀಟನ್ನು ಒಮ್ಮೆ ಒತ್ತಿ, ರೋಗಿಯ ನಾಲಿಗೆ ನೋಡಿದ ಡಾಕ್ಟರ ಹಾಗೆ ಮುಖ ಮಾಡುತ್ತಿದ್ದರು. ಆಮೇಲೆ ಕೇಳುತ್ತಿದ್ದ ಪ್ರಶ್ನೆ ಒಂದೇ. "ಕಾರು ಮಾಡೋರು ರಸ್ತೆ ನೋಡಿ ಮಾಡ್ತಾರೆ. ನಿಮ್ಮ ಸೊಂಟ ನೋಡಿ ಮಾಡ್ತಾರಾ?" ನಲವತ್ತು ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವರಿಲ್ಲ. ಎಲ್ಲರೂ ತೆಪ್ಪಗೆ ಕೀಲಿಯನ್ನು ಅವರ ಕೈಗಿತ್ತು ನಡೆದುಕೊಂಡು ಮನೆ ಸೇರುತ್ತಿದ್ದರು.

ಅಂಗಡಿ ಎಂದರೆ ಪೆಟ್ರೋಲ್ ಬಂಕಿನ ಹಿಂದಿನ ತಗಡಿನ ಶೆಡ್ಡು. ಒಂದು ಮೂಲೆಯಲ್ಲಿ ಆಳೆತ್ತರ ಪೇರಿಸಿದ ಫೋಮ್ ಹಾಳೆಗಳು, ಇನ್ನೊಂದು ಮೂಲೆಯಲ್ಲಿ ರೆಗ್ಸಿನ್ ಸುರುಳಿಗಳು, ನಡುವೆ ಅಂಟಿನ ಡಬ್ಬಿಯ ಘಾಟು. ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ. ಅದರ ಮುಂದೆ ಮಾಮನ ನಾದಿನಿ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಹೊಲಿಯುತ್ತಿದ್ದಾಳೆ. ಅವಳ ಹೊಲಿಗೆ ನೇರ, ಮಾತು ಅದಕ್ಕಿಂತ ನೇರ. ಭಾವನಿಗೆ ಬೈಯಬೇಕೆನಿಸಿದಾಗ ಅವಳು ಯಂತ್ರ ನಿಲ್ಲಿಸುತ್ತಿರಲಿಲ್ಲ, ಅದರ ಸದ್ದಿಗಿಂತ ಒಂದು ಪಟ್ಟು ದನಿ ಏರಿಸುತ್ತಿದ್ದಳು ಅಷ್ಟೆ.

ಆದರೆ ಅಂಗಡಿಯ ನಿಜವಾದ ಯಜಮಾನನೆಂದರೆ ನಡುವಿನಲ್ಲಿದ್ದ ಮರಳಿನ ತಟ್ಟೆ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಮರದ ತಟ್ಟೆ, ಅದರೊಳಗೆ ಗೇಣು ಆಳಕ್ಕೆ ಜರಡಿ ಹಿಡಿದ ಮರಳು, ಮೇಲೊಂದು ತೆಳು ಬಟ್ಟೆ. ಸೀಟು ಮಾಡಿಸುವವರು ಎಷ್ಟೇ ದೊಡ್ಡವರಾಗಲಿ, ಅದರ ಮೇಲೆ ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕು. "ಮಾತಾಡುವಾಗ ಮನುಷ್ಯ ನಾಲ್ಕು ಜನಕ್ಕೆ ಕಾಣೋ ಹಾಗೆ ಕೂರ್ತಾನೆ. ಸುಮ್ಮನಿದ್ದಾಗ ಮೈ ತನಗೆ ಬೇಕಾದ ಹಾಗೆ ಕೂರುತ್ತೆ" ಎಂಬುದು ಮಾಮನ ಸಿದ್ಧಾಂತ. ಎದ್ದ ಮೇಲೆ ಅವರು ಸ್ವೆಟರ್ ಹೆಣೆಯುವ ಕಡ್ಡಿಯಿಂದ ಮರಳಿನ ಗುಂಡಿಯ ಆಳವನ್ನು ಅಲ್ಲಲ್ಲಿ ಅಳೆದು, ಕಂದು ಕಾಗದದ ಮೇಲೆ ಅದೇ ಅಳತೆಯ ಚಿತ್ರ ಬರೆದು, ಹೆಸರು ಗೀಚಿ, ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು. ಹೀಗೆ ಊರಿನ ಆರುನೂರ ಹನ್ನೆರಡು ಮಂದಿಯ ಹಿಂಭಾಗ ಆ ಗೋಡೆಯ ಮೇಲಿತ್ತು. ಯಾರು ಎಡಕ್ಕೆ ವಾಲುತ್ತಾರೆ, ಯಾರ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸು ಇದೆ, ಯಾರಿಗೆ ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ, ಎಲ್ಲವೂ ಮಾಮನಿಗೆ ಗೊತ್ತು. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮುಖ ನೆನಪಾಗದೆ ತಡವರಿಸುತ್ತಿದ್ದರು. ಎದುರಿಗಿದ್ದವರು ತಿರುಗಿ ಹೊರಟ ಮೇಲೆ "ಓ, ಇವರಾ" ಎನ್ನುತ್ತಿದ್ದರು.

ಇನ್ನು ಮಾಮನ ಹೆಂಡತಿ. ಊರಿಗೆಲ್ಲ ಅವರು ಲೆಕ್ಕದ ಟೀಚರು. ಮೂವತ್ತಮೂರು ವರ್ಷ ಹೈಸ್ಕೂಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯ ಮರುದಿನವೇ ಡ್ರೈವಿಂಗ್ ಕಲಿಯಲು ಹೋಗಿ, ಕಲಿಸುವವನಿಗೇ ತಿರುವಿನ ಕೋನ ವಿವರಿಸಿ, ಮೊದಲ ಸಲಕ್ಕೇ ಲೈಸೆನ್ಸು ತಂದರು. ಅಲ್ಲಿಯವರೆಗೆ ಮನೆಯಲ್ಲಿದ್ದದ್ದು ಹತ್ತೊಂಬತ್ತು ವರ್ಷದ ಹಳೇ ಕಾರು. ಅದನ್ನು ಓಡಿಸುತ್ತಿದ್ದವರು ಮಾಮ, ಎಡಗಡೆ ಕೂರುತ್ತಿದ್ದವರು ಟೀಚರು. ಮಾಮನ ಡ್ರೈವಿಂಗ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಮುಂದೆ ಹೋಗುವ ಕಾರಿನ ಸೀಟಿನ ಹೊಲಿಗೆ ನೋಡುತ್ತಾ ಬ್ರೇಕು ಮರೆಯುವ ಅಭ್ಯಾಸ ಅವರಿಗಿತ್ತು.

ಆ ಹಳೇ ಕಾರಿನ ಎಡ ಸೀಟು ಮಾಮನ ಹೆಮ್ಮೆ. "ನನ್ನ ಹೆಂಡ್ತಿಗೆ ಊರಲ್ಲೇ ಇಲ್ಲದಂಥ ಸೀಟು ಮಾಡಿಕೊಟ್ಟಿದೀನಿ" ಎಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೇಳದ ವಾರವಿರಲಿಲ್ಲ. ಅದರ ಜೊತೆಗೆ ಇನ್ನೊಂದು ಮಾತು. ಕಾರು ಹೊರಟು ಹತ್ತು ನಿಮಿಷವಾಗುವಷ್ಟರಲ್ಲಿ ಟೀಚರು ಮೆಲ್ಲಗೆ ಬಲಕ್ಕೆ ವಾಲಿ ಮಾಮನ ಹೆಗಲಿಗೆ ಒರಗುತ್ತಿದ್ದರು. ಹತ್ತೊಂಬತ್ತು ವರ್ಷವೂ ಹೀಗೇ. "ಈ ವಯಸ್ಸಲ್ಲೂ ನೋಡಿ, ನನ್ನ ಹೆಗಲಿಲ್ಲದೆ ಅವಳಿಗೆ ಪ್ರಯಾಣ ಆಗಲ್ಲ" ಎಂದು ಮಾಮ ಮೀಸೆಯಡಿಯಲ್ಲೇ ನಗುತ್ತಿದ್ದರು. ಟೀಚರು ಬೆನ್ನ ಹಿಂದೆ ಒಂದು ಕಸೂತಿ ದಿಂಬು ಇಟ್ಟುಕೊಳ್ಳುತ್ತಿದ್ದರು. ಅದು ಕಸೂತಿಯ ಮೇಲಿನ ಮಮತೆ ಎಂದು ಮಾಮ ತಿಳಿದಿದ್ದರು.

ಹಳೇ ಕಾರು ಒಂದು ದಿನ ದಾರಿಯಲ್ಲೇ ಕೈಕೊಟ್ಟಿತು. ಹೊಸದು ಕೊಳ್ಳುವುದು ಎಂದಾಯಿತು. "ನಾನು ಕೊಳ್ತೀನಿ, ನಾನೇ ಓಡಿಸ್ತೀನಿ, ನಾನೇ ಆರಿಸ್ತೀನಿ" ಎಂದರು ಟೀಚರು. ಬೇಕಾದದ್ದು ಪುಟ್ಟ ಎಸ್‌ಯುವಿ: ಹತ್ತಿ ಇಳಿಯಲು ಎತ್ತರ ಸರಿಯಿರಬೇಕು, ಗೇಟಿನೊಳಗೆ ಹಿಡಿಸಬೇಕು. ಐದು ಶೋರೂಮು ತಿರುಗಿದರು. ಎಂಜಿನ್ ಬಗ್ಗೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಪ್ರತಿ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಕೈಗಡಿಯಾರ ನೋಡಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಒಂದು ಶೋರೂಮಿನವರು ಗಾಬರಿಯಾಗಿ ನೀರು ತಂದರು.

ಐದನೆಯ ಶೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಮಾಮನ ಪಾಲಿಗೆ ಬಿದ್ದ.

"ಇದು ಚರ್ಮಾನಾ?" ಎಂದರು ಮಾಮ, ಸೀಟನ್ನು ಮೂಸಿ ನೋಡಿ.

"ಲೆದರೆಟ್ ಸರ್."

"ಅಂದ್ರೆ ರೆಗ್ಸಿನ್."

"ಅಲ್ಲ ಸರ್, ಲೆದರೆಟ್. ಪ್ರೀಮಿಯಂ."

"ರೆಗ್ಸಿನ್‌ಗೆ ಟೈ ಕಟ್ಟಿದ್ರೆ ಲೆದರೆಟ್" ಎಂದು ಮಾಮ ಅವನ ಟೈ ನೋಡಿದರು. ಅವನು ಪಾಪ, ಬಿಡದೆ ಹೇಳಿದ: ಸೊಂಟದ ಹತ್ತಿರ ಉಬ್ಬು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇದೆ, ಸೀಟಿನ ಎತ್ತರ ಏರಿಸಬಹುದು, ಹಿಂದಿನ ಸೀಟಿನ ನಡುವೆ ಕೈ ಊರಲು ದಿಂಬು ಇಳಿಯುತ್ತದೆ, ಅದರಲ್ಲಿ ಲೋಟ ಇಡಲು ಎರಡು ಗುಳಿ ಇವೆ. ಎಲ್ಲಕ್ಕಿಂತ ದೊಡ್ಡ ವಿಷಯ ಮುಂದಿನ ಎರಡು ಸೀಟು ವೆಂಟಿಲೇಟೆಡ್. ಲೆದರೆಟ್ ತುಂಬ ಸಣ್ಣ ಸಣ್ಣ ತೂತು, ಒಳಗೆ ಫ್ಯಾನು, ಬಟನ್ ಒತ್ತಿದರೆ ಕೆಳಗಿನಿಂದ ತಣ್ಣಗೆ ಗಾಳಿ.

"ಕೆಳಗಿಂದ ಗಾಳಿ ಹಾಕಿಸ್ಕೊಳ್ಳೋಕೆ ನಾನೇನು ಒಲೆನಾ?" ಎಂದರು ಮಾಮ.

ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದು ಟೀಚರು ಕಣ್ಣು ತೆರೆದರು. ಅವರ ಮುಖದಲ್ಲಿ ಮಾಮ ಎಂದೂ ಕಾಣದ ಒಂದು ಶಾಂತಿ ಇತ್ತು. "ಇದೇ" ಎಂದರು. ಆಮೇಲೆ ಗಂಡನ ಕಡೆ ತಿರುಗಿ, ಸೇಲ್ಸ್‌ಮನ್ ಎದುರಿಗೇ, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದರು. "ರೀ, ಒಂದು ಮಾತು. ಈ ಸೀಟಿಗೆ ನಿಮ್ಮ ಕೈ ತಾಗಕೂಡದು. ಕವರ್ ಬೇಡ, ಫೋಮ್ ಬೇಡ, ಒಂದು ಹೊಲಿಗೆ ಕೂಡ ಬೇಡ."

"ಯಾಕೆ?" ಎಂದರು ಮಾಮ.

"ಬೇಡ ಅಂದ್ರೆ ಬೇಡ."

ಮಾಮ ಇಂಗು ತಿಂದ ಮಂಗನಂತಾದರು. ಆ ಕಾರು ಶೋರೂಮಿನಿಂದ ಮಾಮನ ಅಂಗಡಿಯ ಮುಂದೆಯೇ ಹಾದು, ಹಾರ್ನ್ ಕೂಡ ಹೊಡೆಯದೆ, ನೇರ ಮನೆಗೆ ಹೋಯಿತು. ಊರಿನ ಚರಿತ್ರೆಯಲ್ಲಿ ಅದು ಮೊದಲು.

ಸುದ್ದಿ ಹರಡಲು ಎಷ್ಟು ಹೊತ್ತು? ಮರುದಿನ ಟ್ಯಾಕ್ಸಿಯವನೊಬ್ಬ ಅಂಗಡಿಗೆ ಬಂದು, ಹರಿದ ಸೀಟು ತೋರಿಸುವ ಬದಲು, "ಏನ್ ಮಾಮ, ಟೀಚರ ಕಾರಿಗೆ ಕವರ್ ಹಾಕ್ಲಿಲ್ವಂತೆ? ಡಾಕ್ಟರ ಮನೆಯವರು ಪಕ್ಕದೂರ ಡಾಕ್ಟರ ಹತ್ರ ಹೋದ ಹಾಗಾಯ್ತಲ್ಲ!" ಎಂದ. ಹೊಸ ಕಾರು ತಂದ ಬ್ಯಾಂಕಿನ ಮ್ಯಾನೇಜರು ಮರಳಿನ ಮೇಲೆ ಕೂರುವ ಮೊದಲು ತುಸು ಯೋಚಿಸಿ, "ಫ್ಯಾಕ್ಟರಿ ಸೀಟೇ ಸಾಕು ಅಂತೀರಾ? ನಿಮ್ಮನೇಲೂ ಹಾಗೇ ಅಲ್ವಾ?" ಎಂದರು. ಗಾಯದ ಮೇಲೆ ಉಪ್ಪು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ಮಾಮ ಆ ವಾರ ಒಟ್ಟು ಹನ್ನೊಂದು ಸಲ ಹೇಳಿದರೆಂದು ನಾದಿನಿಯ ಲೆಕ್ಕ.

ತಮಾಷೆ ಊರಿನವರಿಗೆ. ಮಾಮನಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ನಲವತ್ತು ವರ್ಷ ಊರಿನವರ ಸೊಂಟ ಕಾದ ಕೈಯನ್ನು, ಕಟ್ಟಿಕೊಂಡ ಹೆಂಡತಿಯೇ ನಂಬಲಿಲ್ಲವಲ್ಲ ಎಂಬುದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹೊಸ ಕಾರಿನಲ್ಲಿ ಅವರು ಎಡಗಡೆ ಕೂತಾಗ, ಬಲಗಡೆ ಟೀಚರು ಹೊಲಿಗೆಯಷ್ಟೇ ನೇರವಾಗಿ ಕೂತು ಓಡಿಸುತ್ತಿದ್ದರು. ಯಾವ ಕಡೆಗೂ ವಾಲುತ್ತಿರಲಿಲ್ಲ. ದಿಂಬೂ ಇರಲಿಲ್ಲ. ಮಾಮನಿಗೆ ಅದೂ ಒಂದು ದುಃಖವಾಯಿತು. ಕಾರು ಬದಲಾದರೆ ಹೆಂಡತಿಯೂ ಬದಲಾಗಬೇಕೆ?

ಹೀಗಿರುವಾಗ ಒಂದು ಭಾನುವಾರ ಟೀಚರು ಹಳೇ ಸಹೋದ್ಯೋಗಿಗಳ ಜೊತೆ ಬಾಡಿಗೆ ವ್ಯಾನಿನಲ್ಲಿ ಕೆರೆ ನೋಡಲು ಹೊರಟರು. ಸಂಜೆ ಆರಕ್ಕೆ ಬರುತ್ತೇನೆಂದರು. ಕಾರು ಗೇಟಿನೊಳಗೆ, ಕೀಲಿ ಮೊಳೆಯ ಮೇಲೆ, ಮಾಮ ಇವೆರಡರ ನಡುವೆ.

ಕವರ್ ಹಾಕುವ ಯೋಚನೆ ಮಾಮನಿಗೆ ಖಂಡಿತ ಇರಲಿಲ್ಲ. ಮಾತು ಮಾತೇ. ಆದರೆ ಒರೆಸಬಾರದು ಎಂದು ಅವಳು ಹೇಳಿದ್ದಳೆ? ಕೈ ತಾಗಬಾರದು ಎಂದಿದ್ದಳು. ಒರೆಸುವಾಗ ತಾಗುವುದು ಬಟ್ಟೆ, ಕೈಯಲ್ಲ. ವಕೀಲರೂ ಒಪ್ಪುವ ಈ ವಾದವನ್ನು ತಮಗೆ ತಾವೇ ಎರಡು ಸಲ ಮಂಡಿಸಿಕೊಂಡು, ತಾವೇ ಒಪ್ಪಿಕೊಂಡು, ಮಾಮ ಅಂಗಡಿಯಿಂದ ಮೇಣದ ಡಬ್ಬಿ ತಂದರು. ಜೇನುಮೇಣಕ್ಕೆ ಅಗಸೆ ಎಣ್ಣೆ ಬೆರೆಸಿ ಅವರೇ ಕಾಯಿಸಿದ ಮೇಣ. ಹಳೇ ಚರ್ಮದ ಸೀಟಿಗೆ ಅದನ್ನು ತಿಕ್ಕಿದರೆ ಸತ್ತ ಸೀಟು ಎದ್ದು ಕೂರುತ್ತದೆ ಎಂದು ಹೆಸರು.

ಡ್ರೈವರ್ ಸೀಟಿನಿಂದ ಶುರುಮಾಡಿದರು. ತೂತುಗಳು ಕಣ್ಣಿಗೆ ಬೀಳಲಿಲ್ಲ ಎಂದಲ್ಲ. ಬಿದ್ದವು. ಆದರೆ ನಲವತ್ತು ವರ್ಷ ಪಳಗಿದ ಕೈಗೆ ಚರ್ಮದಲ್ಲಿ ತೂತು ಎಂದರೆ ಬಾಯಾರಿಕೆ ಎಂದೇ ಅರ್ಥ. ಬಾಯಾರಿದವರಿಗೆ ಕುಡಿಸಬೇಕು. ಮಾಮ ಒಂದೊಂದು ಅಂಗುಲಕ್ಕೂ ಗುಂಡಗೆ ತಿರುವಿ ತಿರುವಿ, ಹಾಡು ಗುನುಗುತ್ತಾ, ಮೇಣ ಕುಡಿಸಿದರು. ಡ್ರೈವರ್ ಸೀಟು ಮುಗಿದು ಎಡ ಸೀಟು ಅರ್ಧಕ್ಕೆ ಬರುವಾಗ ಹನ್ನೊಂದು ಗಂಟೆ. ಸೀಟು ಕನ್ನಡಿಯ ಹಾಗೆ ಹೊಳೆಯಿತು. ಹೆಮ್ಮೆಯಿಂದ ಡ್ರೈವರ್ ಸೀಟಿನ ಮೇಲೆ ಕೂತು, ನೋಡೇ ಬಿಡೋಣ ಎಂದು ಕೀಲಿ ತಿರುಗಿಸಿ ಗಾಳಿಯ ಬಟನ್ ಒತ್ತಿದರು.

ಒಳಗೆ ಫ್ಯಾನು ಗುಂಯ್ ಎಂದಿತು. ಗಾಳಿ ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಫ್ಯಾನು ಇನ್ನೂ ಜೋರಾಗಿ ಗುಂಯ್ ಎಂದಿತು, ಬಾಗಿಲು ಹಾಕಿದ ಕೋಣೆಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ಮಾಮ ಇಳಿದು, ಕನ್ನಡಕ ಹಾಕಿ, ಸೀಟಿನ ಮೇಲೆ ಬಗ್ಗಿ ನೋಡಿದರು. ಒಂದೊಂದು ತೂತಿನೊಳಗೂ ಒಂದೊಂದು ಹಳದಿ ಮೇಣದ ಕಾಳು, ಅಚ್ಚುಕಟ್ಟಾಗಿ, ಬಿರಡೆ ಹಾಕಿದಂತೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೈ ತಾಗಬಾರದು ಎಂದಿದ್ದ ಸೀಟಿಗೆ ಕೈ ಮಾತ್ರ ಅಲ್ಲ, ಮೈಯೆಲ್ಲ ತಾಗಿಸಿ ಅದರ ಉಸಿರೇ ಕಟ್ಟಿಸಿದ್ದಾಯಿತು.

ನಾದಿನಿ ಫೋನಿನಲ್ಲಿ ಕೇಳಿ, ಐದು ನಿಮಿಷದಲ್ಲಿ ಬಂದು, ಸೀಟಿನ ಮೇಲೆ ಬಗ್ಗಿ, ಒಂದು ತೂತನ್ನು ಉಗುರಿನಿಂದ ಕೆದಕಿ ನೋಡಿದಳು.

"ಹೇರ್ ಡ್ರೈಯರ್ ಹಿಡಿಯೋಣ್ವಾ?" ಎಂದರು ಮಾಮ, ಅಳುಮುಖದಲ್ಲಿ.

"ಹಿಡೀರಿ. ಮೇಣ ಕರಗಿ ಒಳಗಿನ ಫೋಮಿಗೆ ಇಳೀಲಿ. ಆಮೇಲೆ ಸೀಟು ಕಿತ್ತು ಗುಜರಿಗೆ ಹಾಕೋಣ."

"ಮತ್ತೆ?"

"ಮತ್ತೇನು, ಮಾಡಿದ್ದುಣ್ಣೋ ಮಹಾರಾಯ" ಎಂದು ಅವಳು ಸೆರಗಿನಲ್ಲಿ ಚುಚ್ಚಿಕೊಂಡು ಬಂದಿದ್ದ ಎರಡು ಸೂಜಿಗಳಲ್ಲಿ ಒಂದನ್ನು ಅವರ ಕೈಗೆ ಕೊಟ್ಟಳು. ಒಂದು ಅಂಗೈ ಅಗಲ ಜಾಗದಲ್ಲಿ ಎಷ್ಟು ತೂತಿವೆ ಎಂದು ಎಣಿಸಿ, ಎರಡೂ ಸೀಟು ಸೇರಿ ನಾಲ್ಕು ಸಾವಿರದ ಮೇಲೆ ಎಂದು ತೀರ್ಪು ಕೊಟ್ಟಳು. ಅವಳು ಬೆನ್ನಿನ ಭಾಗ, ಮಾಮ ಕೂರುವ ಭಾಗ. ಚುಚ್ಚು, ತಿರುಗಿಸು, ಎಳೆ, ಬಟ್ಟೆಗೆ ಒರೆಸು. ಚುಚ್ಚು, ತಿರುಗಿಸು, ಎಳೆ, ಒರೆಸು.

ಇನ್ನೂರು ತೂತಿನವರೆಗೆ ಮಾಮ ಫ್ಯಾಕ್ಟರಿಯವರನ್ನು ಬೈದರು. ಐನೂರರವರೆಗೆ ಹೆಂಡತಿಯ ಹಟವನ್ನು ಬೈದರು. "ಅವಳು ಮೊದಲೇ ಕವರ್ ಹಾಕೋಕೆ ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತಾ? ನನ್ನ ಕೆಲಸದ ಮೇಲೆ ಊರಿಗೇ ನಂಬಿಕೆ ಇದೆ, ಮನೆಯವಳಿಗಿಲ್ಲ. ಹತ್ತೊಂಬತ್ತು ವರ್ಷ ನಾನು ಮಾಡಿಕೊಟ್ಟ ಸೀಟಲ್ಲಿ ರಾಣಿ ಹಾಗೆ ಕೂತ್ಳಲ್ಲ, ಒಂದು ದಿನವಾದ್ರೂ ದೂರು ಹೇಳಿದ್ಳಾ?"

ನಾದಿನಿಯ ಸೂಜಿ ನಿಂತಿತು. "ಭಾವ, ಆ ಸೀಟು ನೀವು ಅಕ್ಕನಿಗೆ ಅಂತ ಮಾಡಿದ್ರಾ?"

"ಮತ್ತಿನ್ಯಾರಿಗೆ?"

"ನೆನಪು ಮಾಡ್ಕೊಳ್ಳಿ. ಅದನ್ನ ಹೊಲಿದವಳು ನಾನು. ಅದು ಬೇಕರಿ ಯಜಮಾನರ ಸೀಟು."

ಮಾಮನ ಕೈಯೂ ನಿಂತಿತು. ಬೇಕರಿ ಯಜಮಾನರು. ತಮ್ಮ ಅಂಗಡಿಯ ಮಾಲನ್ನು ದಿನವೂ ತಾವೇ ತಿಂದು ಪರೀಕ್ಷಿಸುತ್ತಿದ್ದ, ಮರಳಿನ ತಟ್ಟೆಯ ಎರಡು ಹಲಗೆ ಸೀಳಿಸಿದ ಮಹಾನುಭಾವರು. ಕಾರಿನಲ್ಲಿ ಎಡಗಡೆ ಕೂತು, ಕಿಟಕಿಯ ಮೇಲೆ ಮೊಣಕೈ ಊರಿ, ಪೂರ್ತಿ ಎಡಕ್ಕೆ ಕುಸಿಯುತ್ತಿದ್ದವರು. ಅವರನ್ನು ನೆಟ್ಟಗೆ ಮಾಡಲೆಂದು ಮಾಮ ಸೀಟಿನ ಎಡಭಾಗಕ್ಕೆ ನಾಲ್ಕು ಬೆರಳು ಎತ್ತರದ ಗಟ್ಟಿ ಫೋಮ್ ಕೊಟ್ಟಿದ್ದರು. ಸೀಟು ಸಿದ್ಧವಾಗುವಷ್ಟರಲ್ಲಿ ಯಜಮಾನರು ಕಾರನ್ನೇ ಮಾರಿಬಿಟ್ಟರು. ಮಾಮನ ಕಾರೂ ಅದೇ ಮಾದರಿಯದು. ಚಿನ್ನದಂಥ ಸೀಟು, ಹಾಳಾಗುವುದು ಬೇಡ ಎಂದು ಮನೆಗೆ ತಂದು ಜೋಡಿಸಿ, ಊರಲ್ಲೇ ಇಲ್ಲದಂಥ ಸೀಟು ಎಂದು ಹೆಂಡತಿಗೆ ಹೇಳಿದ್ದರು. ಹೇಳಿ ಹೇಳಿ ತಾವೂ ನಂಬಿದ್ದರು.

"ನೂರಿಪ್ಪತ್ತು ಕಿಲೋ ಮನುಷ್ಯನ್ನ ಎಡದಿಂದ ಬಲಕ್ಕೆ ತಳ್ಳೋ ಸೀಟು ಅದು" ಎಂದಳು ನಾದಿನಿ. "ಅಕ್ಕ ಐವತ್ತು ಕಿಲೋ. ಎಲ್ಲಿಗೆ ಹೋಗಿ ಬೀಳಬೇಕು ಅವಳು?"

ಎಲ್ಲಿಗೆ ಹೋಗಿ ಬೀಳುತ್ತಿದ್ದಳೆಂಬುದು ಮಾಮನಿಗೆ ಗೊತ್ತಿತ್ತು. ಅವರು ಮೆಲ್ಲಗೆ ತಮ್ಮ ಎಡ ಹೆಗಲನ್ನು ಮುಟ್ಟಿ ನೋಡಿಕೊಂಡರು.

"ನೀವೇ ಅಂಗಡಿ ಗೋಡೆ ನೋಡಿ ಬನ್ನಿ. ಆರುನೂರ ಹನ್ನೆರಡು ಕಾಗದದಲ್ಲಿ ಅಕ್ಕನದು ಎಲ್ಲಿದೆ ತೋರಿಸಿ. ಅಷ್ಟರಲ್ಲಿ ನಾನು ನಿಮ್ಮ ಭಾಗದಲ್ಲೂ ನಾಲ್ಕು ಸಾಲು ತೆಗೆದಿರ್ತೀನಿ."

ಮಾಮ ಹೋದರು. ಕೆಳಸಾಲಿನಿಂದ ಶುರುಮಾಡಿ ಏಣಿ ಹಾಕಿಕೊಂಡು ಮೇಲಿನ ಸಾಲಿನವರೆಗೆ ನೋಡಿದರು. ಪೋಸ್ಟ್‌ಮನ್ ಇದ್ದರು, ಊರಿಗೆ ಒಂದೇ ಸಲ ಬಂದು ಹೋದ ಸರ್ಕಸ್ಸಿನ ಮ್ಯಾನೇಜರಿದ್ದರು, ಮಾಮನ ಜೊತೆ ಮಾತು ಬಿಟ್ಟ ಷಡ್ಡಕ ಕೂಡ ಇದ್ದ. ಟೀಚರು ಇರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಜನ ಬೇರೆ ಯಾರಿಗೋ ಹೇಳುತ್ತಾರೆಂದು ಅವರು ಇಷ್ಟು ದಿನ ತಿಳಿದಿದ್ದರು. ಏಣಿಯ ಮೇಲೆ ನಿಂತಲ್ಲೇ ಮಾಮನಿಗೆ ತುಂಬ ನಾಚಿಕೆಯಾಯಿತು. ಅಷ್ಟು ವರ್ಷ ಬೆನ್ನ ಹಿಂದೆ ದಿಂಬಿಟ್ಟುಕೊಂಡು, ಹಲ್ಲು ಕಚ್ಚಿ, ಗಂಡ ಹೆಮ್ಮೆಪಡುತ್ತಾನಲ್ಲ ಎಂದು ಸುಮ್ಮನಿದ್ದವಳು ಅವಳು. ಕಸೂತಿಯಂತೆ, ಮಮತೆಯಂತೆ!

ವಾಪಸು ಬಂದು ಒಂದೂ ಮಾತಾಡದೆ ಸೂಜಿ ಹಿಡಿದರು. ಊಟಕ್ಕೂ ಏಳಲಿಲ್ಲ. ಐದೂವರೆಗೆ ಕೊನೆಯ ತೂತು ತೆರೆಯಿತು. ಬಟನ್ ಒತ್ತಿದಾಗ ಗಾಳಿ ಬಂತು. ನಾದಿನಿ ನೊಂದ ಬೆರಳು ಚೀಪುತ್ತಾ, "ನಾನು ಇಲ್ಲಿಗೆ ಬಂದೇ ಇಲ್ಲ, ತಿಳೀತಾ?" ಎಂದು ಹಿತ್ತಲ ಬಾಗಿಲಿನಿಂದ ಮಾಯವಾದಳು.

ಆರಕ್ಕೆ ಟೀಚರು ಬಂದರು. ಹಾಲು ತರಬೇಕೆಂದು ಹಾಗೆಯೇ ಕಾರಿನ ಬಾಗಿಲು ತೆಗೆದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಮಾಮ ಹೂಕುಂಡದ ಹಿಂದೆ ನಿಂತು ಇಲ್ಲದ ಕಳೆ ಕೀಳುತ್ತಿದ್ದರು. ಟೀಚರು ಕೂತರು. ಗಾಳಿ ಹಾಕಿದರು. ಮೂಗು ಅರಳಿಸಿದರು.

"ರೀ."

"ಹೂಂ."

"ಜೇನುಮೇಣ."

ಸುಳ್ಳು ಹೇಳಲು ಮಾಮನ ಬಳಿ ಬೆಳಗಿನ ವಾದವಿತ್ತು: ಬಟ್ಟೆ ತಾಗಿದ್ದು, ಕೈಯಲ್ಲ. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಕಾರಿನ ಬಾಗಿಲ ಬಳಿ ಬಂದು, ಸೂಜಿ ಹಿಡಿದು ಕೆಂಪಾದ ಬೆರಳುಗಳನ್ನು ಮಡಿಸಿಕೊಂಡು ನಿಂತು, ಮೇಣ ಹಚ್ಚಿದ್ದರಿಂದ ಹಿಡಿದು ಕೊನೆಯ ತೂತಿನವರೆಗೆ ಎಲ್ಲ ಒಪ್ಪಿಕೊಂಡರು. ಬೈಗುಳಕ್ಕೆ ಕಾದರು. ಬರಲಿಲ್ಲ. ಆಗ ಮಾಮ ತಾವಾಗಿಯೇ ಕೇಳಿದರು. "ಬೇಕರಿ ಯಜಮಾನರ ಸೀಟಿನ ವಿಷಯ ನಿಂಗೆ ಗೊತ್ತಿತ್ತಾ?"

"ಮೊದಲ ದಿನವೇ" ಎಂದರು ಟೀಚರು. "ಕೆಳಗೆ ಚೀಟಿ ಅಂಟಿಸಿದ್ರಲ್ಲ ರೀ, ಬೇಕರಿ, ಎಡ, ನಾಲ್ಕು ಬೆರಳು ಅಂತ. ನಿಮ್ಮದೇ ಅಕ್ಷರ."

"ಮತ್ತೆ ಹೇಳಬಾರದಿತ್ತಾ?"

"ಊರಲ್ಲೇ ಇಲ್ಲದಂಥ ಸೀಟು ಅಂತ ಅಷ್ಟು ಖುಷಿಯಾಗಿ ಹೇಳ್ತಿದ್ರಿ. ನೀವೇ ಒಂದಿನ ಕೇಳ್ತೀರಿ ಅಂತ ಕಾದೆ. ಊರಿನವರನ್ನೆಲ್ಲ ಕೂರಿಸಿ ಕೇಳ್ತೀರಲ್ಲ, ನನ್ನನ್ನೂ ಕೇಳ್ತೀರಿ ಅಂತ."

ಹೆಣ್ಣು ನೋಡಲು ಹೋದ ದಿನವೂ ಅಷ್ಟು ತೊದಲಿರದ ಮಾಮ, "ಒಂದ್... ಹದಿನೈದು ನಿಮಿಷ, ಮರಳಿನ ಮೇಲೆ ಕೂರ್ತೀಯಾ?" ಎಂದರು.

ಹಾಲು ಮರೆತು ಇಬ್ಬರೂ ಅಂಗಡಿಗೆ ನಡೆದರು. ಮಾಮ ಮರಳನ್ನು ಮತ್ತೊಮ್ಮೆ ಜರಡಿ ಹಿಡಿದರು, ಹೊಸ ಬಟ್ಟೆ ಹಾಸಿದರು. ಟೀಚರು ಕೂತರು. ಹದಿನೈದು ನಿಮಿಷ ಮಾತಾಡಬಾರದು ಎಂಬ ನಿಯಮ ಡಾಕ್ಟರಿಗೂ ಇತ್ತು, ಪೊಲೀಸರಿಗೂ ಇತ್ತು. ಟೀಚರು ಹದಿನೈದು ನಿಮಿಷವೂ ಮಾತಾಡಿದರು. ಬಲ ಭುಜದ ಕೆಳಗೆ ಎಲ್ಲಿ ಹಿಡಿಯುತ್ತದೆ, ಬೋರ್ಡಿನ ಮುಂದೆ ನಿಂತು ನಿಂತು ಯಾವ ಹಿಮ್ಮಡಿ ಸೋತಿದೆ, ನೋಟುಪುಸ್ತಕ ತಿದ್ದುವಾಗ ಕತ್ತು ಯಾವ ಕಡೆ ಸೆಟೆದುಕೊಳ್ಳುತ್ತದೆ, ಮದುವೆಯಾದ ಹೊಸದರಲ್ಲಿ ಕೂತ ಮರದ ಬೆಂಚು ಹೇಗೆ ಚುಚ್ಚುತ್ತಿತ್ತು, ಎಲ್ಲವನ್ನೂ ಒಂದನ್ನೂ ಬಿಡದೆ. ಮಾಮ ತಡೆಯಲಿಲ್ಲ. ಪೆನ್ಸಿಲಿನಿಂದ ಬರೆದುಕೊಳ್ಳುತ್ತಾ ಹೂಂಗುಟ್ಟಿದರು.

ಎದ್ದ ಮೇಲೆ ಕಡ್ಡಿಯಿಂದ ಅಳೆದರು. ಬಲಭಾಗದ ಗುಂಡಿ ಆಳವಾಗಿತ್ತು.

"ಬಲಕ್ಕೆ ವಾಲಿದೀಯ" ಎಂದರು.

"ಹತ್ತೊಂಬತ್ತು ವರ್ಷ ತಳ್ಳಿಸ್ಕೊಂಡ್ರೆ ಇನ್ನೆಲ್ಲಿಗೆ ವಾಲಲಿ?"

"ನಾನು ಅದನ್ನ..." ಎಂದು ಮಾಮ ಅರ್ಧಕ್ಕೆ ನಿಲ್ಲಿಸಿದರು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೀಸೆಯಡಿ ನಕ್ಕದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. "ಪ್ರೀತಿ ಅಂತ ಅಂದ್ಕೊಂಡಿದ್ದೆ."

ಟೀಚರು ನಗು ತಡೆಯಲಾರದೆ ಫೋಮ್ ಹಾಳೆಗಳಿಗೆ ಒರಗಿದರು. ಮಾಮನಿಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

ಮರುದಿನ ಅವರು ಆ ಕಂದು ಕಾಗದ ಹಿಡಿದು ಹೊಸ ಕಾರಿನ ಡ್ರೈವರ್ ಸೀಟಿಗೆ ತಾಳೆ ನೋಡಿದರು. ಸೊಂಟದ ತಿರುಗಣೆಯನ್ನು ಟೀಚರು ಎಲ್ಲಿಗೆ ತಿರುಗಿಸಿಟ್ಟಿದ್ದರೋ, ಕಾಗದದ ಉಬ್ಬೂ ಅಲ್ಲೇ ಇತ್ತು. "ನಾನು ಮಾಡಿದ್ರೂ ಇದಕ್ಕಿಂತ ಚೆನ್ನಾಗಿ ಬರ್ತಿರ್ಲಿಲ್ಲ" ಎಂದು ನಾದಿನಿಯ ಎದುರು ಒಪ್ಪಿಕೊಂಡರು. ಅವಳು ದಿನಾಂಕ ಬರೆದಿಟ್ಟುಕೊಂಡಳು. ಕಾಗದದ ಅಳತೆಗೆ ಟೀಚರು ಓದಲು ಕೂರುವ ಕುರ್ಚಿಗೆ ಒಂದು ಕುಶನ್ ಆಯಿತು. ಕಾಗದ ಗೋಡೆಯ ನಡುವಿನ ಮೊಳೆಗೆ ಹೋಯಿತು. ಅಲ್ಲಿದ್ದ ಸರ್ಕಸ್ ಮ್ಯಾನೇಜರನ್ನು ಮೂಲೆಗೆ ಕಳಿಸಲಾಯಿತು.

"ನನ್ನ ಸೀಟು ಹಾಗೇ ಇರ್ಲಿ" ಎಂದರು ಟೀಚರು. "ಎಡಗಡೆಯದು ನಿಮ್ಮದು. ಅದಕ್ಕೆ ಏನು ಬೇಕೋ ಮಾಡ್ಕೊಳ್ಳಿ. ಬದಿಯಲ್ಲಿ ಏರ್‌ಬ್ಯಾಗ್ ಇದೆ, ಅದಕ್ಕೆ ಅಡ್ಡ ಬರಕೂಡದು. ತೂತು ಮುಚ್ಚಕೂಡದು."

ಮಾಮ ಎರಡು ದಿನ ಅಂಗಡಿಯಲ್ಲಿ ಏನೋ ಕತ್ತರಿಸಿದರು, ನಾದಿನಿಗೂ ತೋರಿಸಲಿಲ್ಲ. ಮೂರನೆಯ ದಿನ ಇಬ್ಬರೂ ಹೊರಟರು. ಟ್ಯಾಕ್ಸಿ ಸ್ಟ್ಯಾಂಡು ದಾಟಿ ದೊಡ್ಡ ರಸ್ತೆಗೆ ಬಂದು ಹತ್ತು ನಿಮಿಷವಾಗಿರಬೇಕು. ಮಾಮ ಮೆಲ್ಲಗೆ, ತಮಗೇ ತಿಳಿಯದವರ ಹಾಗೆ, ಬಲಕ್ಕೆ ಜಾರುತ್ತಾ ಜಾರುತ್ತಾ ಟೀಚರ ಹೆಗಲಿಗೆ ಬಂದು ಒರಗಿದರು.

"ಏನ್ರೀ ಇದು? ಮೈಮೇಲೆ ಬೀಳ್ತಿದೀರಾ?"

"ನಾನೇನ್ ಮಾಡ್ಲಿ ಕಣೇ. ಸೀಟೇ ಹಾಗಿದೆ."

ಟೀಚರು ಓರೆಗಣ್ಣಿನಿಂದ ನೋಡಿದರು. ಮಾಮನ ಎಡ ತೊಡೆಯ ಕೆಳಗೆ, ಹೊಸ ಬಟ್ಟೆಯ ಚೀಲದೊಳಗೆ, ನಾಲ್ಕು ಬೆರಳು ಎತ್ತರದ ಗಟ್ಟಿ ಫೋಮಿನ ಅಂಚು ಕಾಣುತ್ತಿತ್ತು. ಅವರು ಹೆಗಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಿಗ್ನಲ್‌ನಲ್ಲಿ ಕಾರು ನಿಂತಾಗ ಮಾತ್ರ ಕೈ ಚಾಚಿ ಮಾಮನ ಸೀಟಿನ ಗಾಳಿಯ ಬಟನ್ನನ್ನು ಮೂರು ಸಲ ಒತ್ತಿ ಗಾಳಿಯನ್ನು ಪೂರ್ತಿ ಏರಿಸಿದರು. ಮಾಮ "ಅಯ್ಯೋ!" ಎಂದರು, ಆದರೆ ನೆಟ್ಟಗೆ ಕೂರಲಿಲ್ಲ.